ಗುಡ್ಡೆ ಸುಟ್ಟ ಮೇಲೆ ಕಾಡುರಸ್ತೆ ಉಳಿಸಿಕೊಳ್ಳುವುದು ಹೇಗೆ

ಉಡುಪಿ ಜಿಲ್ಲೆಯ ಹೆಬ್ರಿ ಕಡೆ ನಮ್ಮ ಮನೆಗೆ ಹೋಗುವ ಮಣ್ಣಿನ ರಸ್ತೆಯ ಮೇಲಿನ ಗುಡ್ಡೆ ಒಂದು ಮಾರ್ಚಿನಲ್ಲಿ ಸುಟ್ಟಿತು. ರಸ್ತೆಗೇನೂ ಆಗಿಲ್ಲವಲ್ಲ ಅಂತ ಸುಮ್ನೆ ಕೂತೆವು. ಜೂನ್‌ನಲ್ಲಿ ಎರಡೇ ರಾತ್ರಿ ಮಳೆ ಹೊಡೆದದ್ದು. ಕರಿಕೊಂಬೆ, ಬೂದಿ, ಕೆಸರು ಎಲ್ಲ ಸೇರಿ ಮೋರಿಯ ಬಾಯಿಗೆ ಬಿರಡೆ ಹಾಕಿದ ಹಾಗಾಗಿ, ನೀರು ರಸ್ತೆ ಮೇಲೆಯೇ ಹರಿದು, ಬೆಳಿಗ್ಗೆ ನೋಡಿದರೆ ರಿಕ್ಷಾ ಮುಳುಗುವಷ್ಟು ಗುಂಡಿ.

ಮುಳಿಹುಲ್ಲು, ತರಗೆಲೆ ಇದ್ದರೆ ಮಳೆನೀರು ತಡೆದು ತಡೆದು ಇಳಿಯುತ್ತದೆ. ಅವು ಸುಟ್ಟಾಗ ಮೇಣದಂಥ ಅಂಶ ಆವಿಯಾಗಿ ಮಣ್ಣಿನೊಳಗೆ ಹೋಗಿ ಪದರ ಕಟ್ಟುತ್ತದೆ, ನೀರು ಇಂಗುವುದಿಲ್ಲ. ನೀವೇ ನೋಡಬಹುದು. ಬೂದಿ ಸರಿಸಿ ಒಂದೆರಡು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿ ಗುಂಡಗೆ ನಿಂತರೆ, ಈ ಸಲ ನೀರು ಜಾಸ್ತಿ ಬರುತ್ತದೆ ಅಂತಲೇ ಲೆಕ್ಕ.

ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನಕ್ಕೆ (ಮೇ 24ರ ಸುಮಾರಿಗೆ), ಮೊದಲು ಕೆಲಸ ಮುಗಿಯಬೇಕು. ಆದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ. ರಸ್ತೆ ನೀವೇ ಬಳಸುವುದಾದರೂ ಮೀಸಲು ಅರಣ್ಯದೊಳಗೆ ಜೆಸಿಬಿ ಇಳಿಸುವ ಹಾಗಿಲ್ಲ, ಸುಟ್ಟ ಮರ ಅಂತ ಕಡಿಯುವ ಹಾಗೂ ಇಲ್ಲ. ಗಾಳಿ ಇದ್ದ ದಿನ ಹೋಗಲೇಬೇಡಿ, ಸುಟ್ಟ ಮರದ ಕೊಂಬೆ ಸದ್ದಿಲ್ಲದೆ ಬೀಳುತ್ತದೆ. ರಸ್ತೆ ಅಂಚನ್ನು ಹಾರೆಯಿಂದ ಕುಟ್ಟಿಕೊಂಡು ಹೋಗಿ. ಬೇರು ಒಳಗೊಳಗೇ ಉರಿದು ಪೊಳ್ಳಾದ ಕಡೆ ಡಬ್ ಅಂತ ಸದ್ದು ಬರುತ್ತದೆ. ಅಲ್ಲಿ ಅಗೆದು, ಕಲ್ಲು ಮಣ್ಣು ಹಾಕಿ ದಮ್ಮಸ್ಸು ಮಾಡಿ.

ಆಮೇಲೆ ಮೋರಿ. ಎರಡೂ ಬಾಯಿ ಬಿಡಿಸಿ, ಮೇಲ್ಬದಿಯ ತೋಡಿನಲ್ಲಿ ಐವತ್ತು ಹೆಜ್ಜೆ ನಡೆದು ಸಡಿಲ ಕೊಂಬೆಗಳನ್ನು ಎತ್ತಿ ಹಾಕಿ. ಮೋರಿಗಿಂತ ಸ್ವಲ್ಪ ಮೇಲೆ ನಾಲ್ಕೈದು ಗಟ್ಟಿ ಗೂಟಗಳನ್ನು ಸಾಲಾಗಿ ಹೊಡೆದರೆ ಕಸ ಅಲ್ಲೇ ನಿಲ್ಲುತ್ತದೆ. ಅದನ್ನು ಮಳೆಗಾಲವಿಡೀ ತೆಗೆಯುತ್ತಲೇ ಇರಬೇಕು, ಇಲ್ಲದಿದ್ದರೆ ಗೂಟ ಹೊಡೆಯದಿರುವುದೇ ಒಳ್ಳೆಯದು.

ನನ್ನ ಪ್ರಕಾರ ರಸ್ತೆ ಉಳಿಸುವುದು ಅಡ್ಡ ಕಣಿ, ಅಂದರೆ ನೀರನ್ನು ಹೊರಗೆ ತಿರುಗಿಸಲು ರಸ್ತೆಗೆ ಅಡ್ಡವಾಗಿ ತೋಡುವ ಚರಂಡಿ. ಏರು ಕಡಿದಾಗಿದ್ದರೆ 20–25 ಮೀಟರಿಗೊಂದು, ಸಾಧಾರಣ ಇಳಿಜಾರಾದರೆ 50 ಮೀಟರಿಗೊಂದು. ನೇರ ಅಡ್ಡ ಬೇಡ, ಇಳಿಜಾರಿನ ಕಡೆಗೆ ಸುಮಾರು 30 ಡಿಗ್ರಿ ಓರೆಯಾಗಿರಲಿ. ದರೆ (ಗುಡ್ಡೆ ಕಡಿದ ಮಣ್ಣಿನ ಗೋಡೆ) ಬದಿಗಿಂತ ಹೊರಬದಿ ಅರ್ಧ ಅಡಿಯಾದರೂ ತಗ್ಗಿರಲಿ, ಇಲ್ಲದಿದ್ದರೆ ಹೂಳು ಕೂರುತ್ತದೆ. ತೆಗೆದ ಮಣ್ಣನ್ನು ಕಣಿಯ ಕೆಳಬದಿಗೇ ದಿಬ್ಬ ಹಾಕಿ ಗಟ್ಟಿಯಾಗಿ ತುಳಿಯಿರಿ. ನೀರು ಹೊರಗೆ ಬೀಳುವ ಜಾಗಕ್ಕೆ ಕಗ್ಗಲ್ಲು ಹಾಸಿ. ಮೆದು ಮುರಕಲ್ಲು ಬೇಡ, ನಾವು ಹಾಕಿದ್ದು ಒಂದೇ ಮಳೆಗಾಲಕ್ಕೆ ಪುಡಿಯಾಯಿತು.

ಜೆಸಿಬಿ ತಂದರೆ ಪಕ್ಕದಲ್ಲೇ ನಿಂತುಕೊಳ್ಳಿ. ನಮ್ಮಲ್ಲಿ ಬಂದವರು ರಸ್ತೆ ಕೆರೆದ ಮಣ್ಣನ್ನು ಹೊರ ಅಂಚಿಗೆ ದಂಡೆ ಹಾಗೆ ಪೇರಿಸಿ ಹೋದರು. ನೋಡಲು ಚಂದ, ಆದರೆ ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲದೆ ರಸ್ತೆಯೇ ತೋಡಾಯಿತು. ಆ ದಂಡೆಯನ್ನು ಗುದ್ದಲಿ ಹಿಡಿದು ಒಡೆದದ್ದು ನಾವೇ, ಮಳೆಯಲ್ಲಿ ನೆನೆಯುತ್ತಾ.

ಬೋಳಾದ ದರೆಗೆ ಬೈಹುಲ್ಲು ಇಲ್ಲವೇ ಅಡಿಕೆ ಸೋಗೆ ಹೊದಿಸಿ, ಮೇಲೆ ಸುಟ್ಟು ಬಿದ್ದ ಕೊಂಬೆ ಇಡಿ. ತೆಳ್ಳಗೆ ಸಾಕು, ಮಣ್ಣು ಅಲ್ಲಲ್ಲಿ ಕಂಡರೆ ಪರವಾಗಿಲ್ಲ. ಮೊದಲ ಮಳೆ ಬಿದ್ದ ಕೂಡಲೇ ಲಾವಂಚ ನೆಡಬಹುದು, ಇಲಾಖೆಯವರನ್ನು ಕೇಳಿಕೊಂಡು.

ಮೊದಲ ಜೋರು ಮಳೆಯ ದಿನ ಕೊಡೆ, ಹಾರೆ ಹಿಡಿದುಕೊಂಡು ರಸ್ತೆ ಪೂರ್ತಿ ನಡೆಯಿರಿ. ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಅಂತ ಆಗ ಮಾತ್ರ ಕಾಣುವುದು. ಮಣ್ಣು ಚಂಡಿ (ಒದ್ದೆ) ಇರುವಾಗ ಲಾರಿ ಬಿಡಬೇಡಿ. ಇನ್ನೊಂದು, ಸತ್ತ ಮರದ ಬೇರು ಕೊಳೆಯಲು ಕೆಲವು ವರ್ಷ ಬೇಕು. ಅಲ್ಲಿಯವರೆಗೆ ಅದು ಮಣ್ಣು ಹಿಡಿದಿರುತ್ತದೆ, ಆಮೇಲೆ ದರೆ ಜರಿಯಬಹುದು. ಹಾಗಾಗಿ ಗುಡ್ಡೆ ಮತ್ತೆ ಹಸಿರಾದರೂ ಮೂರ್ನಾಲ್ಕು ಮಳೆಗಾಲ ಕಳೆದರೂ ಆ ದರೆಯ ಕೆಳಗೆ ಗಾಡಿ ನಿಲ್ಲಿಸಬೇಡಿ.