ಅಮೆರಿಕದ ಪೌಂಡು, ಗ್ಯಾಲನ್ನು, ಫ್ಯಾರನ್‌ಹೀಟು: ಹೊಸದಾಗಿ ಬಂದ ಕನ್ನಡಿಗರಿಗೊಂದು ವಿವರಣೆ

ಅಮೆರಿಕದಲ್ಲಿ ಭಾರತೀಯ ದಿನಸಿ ಅಂಗಡಿಗೆ ಹೋಗಿ ಸೋನಾಮಸೂರಿ ಅಕ್ಕಿಯ ಚೀಲವನ್ನು ನೋಡಿದರೆ, ಅದರ ಮೇಲೆ 20 ಪೌಂಡ್ ಎಂದೂ ಪಕ್ಕದಲ್ಲೇ 9.07 ಕಿಲೋಗ್ರಾಂ ಎಂದೂ ಅಚ್ಚಾಗಿರುತ್ತದೆ. ಊರಿನಲ್ಲಿ 25 ಕಿಲೋ ಚೀಲ ತಂದು ರೂಢಿಯಾದವರಿಗೆ ಈ 9.07 ಎಂಬ ಒಡಕು ಸಂಖ್ಯೆ ವಿಚಿತ್ರವಾಗಿ ಕಾಣುತ್ತದೆ. ಅದೇ ಅಂಗಡಿಯಲ್ಲಿ ತಂಪು ಪಾನೀಯದ ಸಾಲಿಗೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ: ಅಲ್ಲಿ 2 ಲೀಟರ್ ಎಂಬುದು ದುಂಡು ಸಂಖ್ಯೆ, 67.6 ಔನ್ಸ್ ಎಂಬುದು ಒಡಕು. ಬಹುಪಾಲು ಪೊಟ್ಟಣಗಳ ಮೇಲೆ ಎರಡೂ ಅಳತೆಗಳನ್ನು ಅಚ್ಚು ಹಾಕಬೇಕೆಂಬ ನಿಯಮ ಬಂದದ್ದು 1992ರ ಕಾಯಿದೆ ತಿದ್ದುಪಡಿಯಿಂದ. ಈ ದೇಶದಲ್ಲಿ ಎರಡು ಪದ್ಧತಿಗಳು ಒಂದೇ ಸೂರಿನಡಿ ಸಂಸಾರ ಮಾಡುತ್ತಿವೆ ಎಂಬುದನ್ನು ಮೊದಲು ಮನಗಂಡರೆ ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ತಾನಾಗಿ ಕಡಿಮೆಯಾಗುತ್ತದೆ.

ಅಮೆರಿಕನ್ನರಿಗೆ ಮೆಟ್ರಿಕ್ ಗೊತ್ತಿಲ್ಲ ಎಂದು ನಮ್ಮವರ ಕೂಟಗಳಲ್ಲಿ ನಗೆಯಾಡುವುದುಂಟು. ಇದು ಸರಿಯಲ್ಲ. 1866ರಲ್ಲಿಯೇ ಇಲ್ಲಿನ ಕಾಂಗ್ರೆಸ್ ಮೆಟ್ರಿಕ್ ಬಳಕೆಯನ್ನು ಕಾನೂನುಬದ್ಧಗೊಳಿಸಿತು. 1875ರಲ್ಲಿ ಪ್ಯಾರಿಸಿನಲ್ಲಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದ 17 ದೇಶಗಳಲ್ಲಿ ಅಮೆರಿಕವೂ ಒಂದು. ಆ ದಿನ ಬ್ರಿಟನ್ ಸಹಿ ಹಾಕಿರಲಿಲ್ಲ. 1893ರಲ್ಲಿ ಗಜ ಮತ್ತು ಪೌಂಡುಗಳ ಆಧಾರವನ್ನೇ ಬದಲಿಸಿ ಅವನ್ನು ಮೀಟರ್ ಮತ್ತು ಕಿಲೋಗ್ರಾಂಗಳ ಮೂಲಕ ನಿರೂಪಿಸಲಾಯಿತು. 1959ರಲ್ಲಿ ಇಂಗ್ಲಿಷ್ ಮಾತನಾಡುವ ಕೆಲವು ದೇಶಗಳು ಸೇರಿ ಒಂದು ಇಂಚು ಎಂದರೆ ಸರಿಯಾಗಿ 25.4 ಮಿಲಿಮೀಟರ್, ಒಂದು ಪೌಂಡ್ ಎಂದರೆ ಸರಿಯಾಗಿ 0.45359237 ಕಿಲೋಗ್ರಾಂ ಎಂದು ಗೊತ್ತುಮಾಡಿದವು. ಅಂದರೆ ಅಮೆರಿಕದ ಪೌಂಡಿಗೆ ಇಂದು ಸ್ವಂತ ಅಡಿಪಾಯವೇ ಇಲ್ಲ; ಅದು ಕಿಲೋಗ್ರಾಂ ತೊಟ್ಟಿರುವ ಹಳೆಯ ಅಂಗಿ.

ಹಾಗಿದ್ದರೂ ಆ ಅಂಗಿಯನ್ನು ಏಕೆ ಕಳಚಲಿಲ್ಲ? ಇದಕ್ಕೆ ಉತ್ತರವಾಗಿ ಒಂದು ಕಥೆಯನ್ನು ಎಲ್ಲರೂ ಹೇಳುತ್ತಾರೆ. ದಶಮಾಂಶ ಪದ್ಧತಿಯ ಬಗ್ಗೆ ಒಲವಿದ್ದ, ಆಗ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಥಾಮಸ್ ಜೆಫರ್ಸನ್ 1790ರಲ್ಲಿ ಹೊಸ ಅಳತೆಗಳ ಯೋಜನೆಯೊಂದನ್ನು ಕಾಂಗ್ರೆಸ್ಸಿನ ಮುಂದಿಟ್ಟಿದ್ದ. ಕೆಲವು ವರ್ಷಗಳ ನಂತರ ಜೋಸೆಫ್ ಡೋಂಬೆ ಎಂಬ ಫ್ರೆಂಚ್ ವಿಜ್ಞಾನಿ ಹೊಸ ಪದ್ಧತಿಯ ಮಾದರಿ ತೂಕದೊಂದಿಗೆ ಅಮೆರಿಕಕ್ಕೆ ಹಡಗು ಹತ್ತಿದ. ಬಿರುಗಾಳಿಗೆ ಸಿಕ್ಕ ಹಡಗು ಕೆರಿಬಿಯನ್ ಸಮುದ್ರದತ್ತ ಸರಿಯಿತು, ಕಡಲ್ಗಳ್ಳರು ಅವನನ್ನು ಸೆರೆಹಿಡಿದರು, ಅವನು ಮಾಂಟ್‌ಸೆರಾಟ್ ದ್ವೀಪದಲ್ಲಿ ತೀರಿಕೊಂಡ. ಕಥೆ ನಿಜವೇ, ರೋಚಕವೂ ಹೌದು. ಆದರೆ ಒಂದು ದೇಶದ ತಕ್ಕಡಿಯನ್ನು ಕಡಲ್ಗಳ್ಳರು ನಿರ್ಧರಿಸಿದರು ಎಂಬುದನ್ನು ನಾನು ನಂಬುವುದಿಲ್ಲ. ನಿಜವಾದ ಕಾರಣಗಳು ನೆಲದಲ್ಲಿ ಮತ್ತು ಕಾರ್ಖಾನೆಯಲ್ಲಿ ಇವೆ.

ಮೊದಲು ನೆಲದ ಮಾತು. 1785ರ ಭೂ ಕಾಯಿದೆಯಂತೆ ಪಶ್ಚಿಮದ ಹೊಸ ಜಮೀನನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ, ಪ್ರತಿಯೊಂದನ್ನೂ ಮತ್ತೆ 640 ಎಕರೆಯ 36 ತುಂಡುಗಳಾಗಿ ಅಳೆಯಲಾಯಿತು. ನೆಬ್ರಾಸ್ಕಾ ಅಥವಾ ಕ್ಯಾನ್ಸಸ್ ಮೇಲೆ ವಿಮಾನದಲ್ಲಿ ಹಾರುವಾಗ ಕಿಟಕಿಯಿಂದ ಕೆಳಗೆ ನೋಡಿದರೆ, ಚದುರಂಗದ ಮಣೆಯಂತೆ ಕಾಣುವ ಹೊಲಗಳ ನಡುವೆ ಮೈಲಿಗೊಂದರಂತೆ ನೇರ ರಸ್ತೆಗಳು ಓಡುವುದು ಸ್ಪಷ್ಟವಾಗಿ ಕಾಣುತ್ತದೆ. ಈ ದೇಶದಲ್ಲಿ ಮೈಲಿಯು ಕಾಗದದ ಮೇಲಿನ ಅಳತೆಯಲ್ಲ, ಭೂಮಿಯ ಮೇಲೆಯೇ ಗೆರೆ ಎಳೆದ ಅಳತೆ. ಇನ್ನು ಕಾರ್ಖಾನೆಯ ಮಾತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಯಂತ್ರೋದ್ಯಮ ಬೆಳೆದದ್ದು ಇಂಚಿನ ಲೆಕ್ಕದ ಲೇತು, ಡ್ರಿಲ್ಲು ಮತ್ತು ತಿರುಪುಗಳ ಮೇಲೆ. ಫಿಲಡೆಲ್ಫಿಯಾದ ಯಂತ್ರೋದ್ಯಮಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ ಮಂಡಿಸಿದ ತಿರುಪಿನ ಎಳೆಯ ಮಾನದಂಡವೂ ಇಂಚಿನದೇ. ಅಳತೆ ಬದಲಾದರೆ ಪ್ರತಿ ನಕ್ಷೆ, ಪ್ರತಿ ಅಚ್ಚು, ಪ್ರತಿ ಬಿಡಿಭಾಗ ಬದಲಾಗಬೇಕು. ಖರ್ಚು ಇಂದೇ ಕಾರ್ಖಾನೆಯವನ ತಲೆಯ ಮೇಲೆ ಬೀಳುತ್ತದೆ, ಲಾಭ ಮಾತ್ರ ಮುಂದೆಂದೋ ಯಾರಿಗೋ ಹಂಚಿಹೋಗುತ್ತದೆ. ಮೆಟ್ರಿಕ್ ಕಡ್ಡಾಯದ ಮಾತು ಬಂದಾಗಲೆಲ್ಲ ಕಾರ್ಖಾನೆಗಳ ಎಂಜಿನಿಯರುಗಳು ಮುಂದೆ ನಿಂತು ವಿರೋಧಿಸಿದ್ದು ಈ ಲೆಕ್ಕದಿಂದ.

1975ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮೆಟ್ರಿಕ್ ಪರಿವರ್ತನೆಯ ಕಾಯಿದೆಗೆ ಸಹಿ ಹಾಕಿದರು, ಅದಕ್ಕೊಂದು ಮಂಡಳಿಯೂ ರಚನೆಯಾಯಿತು. ಆದರೆ ಪರಿವರ್ತನೆ ಸ್ವಯಂಪ್ರೇರಿತ ಎಂದು ಕಾಯಿದೆಯೇ ಹೇಳಿತ್ತು. ಕಡ್ಡಾಯವಿಲ್ಲದ ಮೇಲೆ ಮೊದಲು ಕೈ ಸುಟ್ಟುಕೊಳ್ಳುವವರು ಯಾರು? 1982ರಲ್ಲಿ ರೊನಾಲ್ಡ್ ರೇಗನ್ ಕಾಲದಲ್ಲಿ ಆ ಮಂಡಳಿಯೂ ಮುಚ್ಚಿತು. ಅರಿಝೋನಾದಲ್ಲಿ ಟ್ಯೂಸಾನ್‌ನಿಂದ ಮೆಕ್ಸಿಕೊ ಗಡಿಯ ನೊಗಾಲೆಸ್‌ವರೆಗಿನ 19ನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ತೋರಿಸುವ ಫಲಕಗಳು ಆ ಉತ್ಸಾಹದ ದಿನಗಳ ಪಳೆಯುಳಿಕೆ. ಆದರೆ ಅಲ್ಲಿಯೂ ವೇಗದ ಮಿತಿ ಮೈಲಿಯಲ್ಲೇ ಇದೆ.

ಭಾರತ ಹಿಡಿದ ದಾರಿ ಬೇರೆ. 1956ರ ಕಾಯಿದೆ ಕಡ್ಡಾಯದ್ದಾಗಿತ್ತು, 1957ರಲ್ಲಿ ನಾಣ್ಯ ದಶಮಾಂಶಕ್ಕೆ ಬಂದಿತು, ಹಂತಹಂತವಾಗಿ ಸೇರು, ಮಣ, ತೊಲಗಳು ಅಂಗಡಿಯ ತಕ್ಕಡಿಯಿಂದ ಇಳಿದವು. ಆದರೂ ನಾವು ನಗುವ ಮೊದಲು ಬೆಂಗಳೂರಿನ 30×40 ಸೈಟನ್ನು ನೆನೆಯುವುದು ಒಳ್ಳೆಯದು. ಆ ಅಳತೆ ಅಡಿಯದು. ಹಳ್ಳಿಯ ಜಮೀನಿನ ಎಕರೆ-ಗುಂಟೆಯೂ ಮೆಟ್ರಿಕ್ ಅಲ್ಲ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ, ಅಂಥ 40 ಸೇರಿದರೆ ಒಂದು ಎಕರೆ. ಅಮೆರಿಕದ ಜಮೀನನ್ನು ಅಳೆದ ಇಂಗ್ಲಿಷ್ ಸರಪಳಿಯ ಉದ್ದ 66 ಅಡಿ, ಅಂದರೆ ನಮ್ಮ ಗುಂಟೆಯ ಬದಿಯ ಸರಿಯಾಗಿ ಎರಡರಷ್ಟು. ನೆಲಕ್ಕೆ ಅಂಟಿದ ಅಳತೆ ಎಲ್ಲಿಯೂ ಸುಲಭವಾಗಿ ಬಿಡುವುದಿಲ್ಲ, ಏಕೆಂದರೆ ಅದು ಪಹಣಿಯಲ್ಲಿ, ಕ್ರಯಪತ್ರದಲ್ಲಿ, ದಾಯಾದಿಗಳ ವ್ಯಾಜ್ಯದಲ್ಲಿ ಸೇರಿಹೋಗಿರುತ್ತದೆ.

ಇನ್ನು ದಿನಬಳಕೆಯ ಮಾತಿಗೆ ಬರೋಣ. ನನ್ನ ಮೊದಲ ಸಲಹೆ ಎಂದರೆ ಪ್ರತಿಯೊಂದನ್ನೂ ಗುಣಿಸಿ ಭಾಗಿಸುವ ಅಭ್ಯಾಸವನ್ನು ಆದಷ್ಟು ಬೇಗ ಬಿಡಬೇಕು. ಹವೆಯನ್ನೇ ತೆಗೆದುಕೊಳ್ಳಿ. ಫ್ಯಾರನ್‌ಹೀಟಿನ 32ಕ್ಕೆ ನೀರು ಹೆಪ್ಪುಗಟ್ಟುತ್ತದೆ, 50ಕ್ಕೆ ಸ್ವೆಟರ್ ಬೇಕು, 70 ಎಂದರೆ ಬೆಂಗಳೂರಿನ ಹಿತವಾದ ಬೆಳಗು, 104 ಎಂದರೆ ಕಲಬುರಗಿಯ ಬೇಸಿಗೆಯ 40 ಡಿಗ್ರಿ. ಈ ನಾಲ್ಕು ಗುರುತುಗಳನ್ನು ಇಟ್ಟುಕೊಂಡರೆ ಉಳಿದದ್ದನ್ನು ಮೈಯೇ ಕಲಿಯುತ್ತದೆ. ಜ್ವರದ ವಿಷಯದಲ್ಲಂತೂ ನಮಗೆ ಕಲಿಯುವುದೇನೂ ಇಲ್ಲ, ಏಕೆಂದರೆ ‘ಮಗುವಿಗೆ ನೂರೊಂದು ಜ್ವರ’ ಎಂದು ನಮ್ಮ ಮನೆಗಳಲ್ಲಿ ಹೇಳುವುದು ಫ್ಯಾರನ್‌ಹೀಟಿನಲ್ಲಿಯೇ. ಇಲ್ಲಿನ ವೈದ್ಯರು ಸಾಮಾನ್ಯವಾಗಿ 100.4ರಿಂದ ಮೇಲಿನದನ್ನು ಜ್ವರವೆನ್ನುತ್ತಾರೆ. ಆ ಒಡಕು ಸಂಖ್ಯೆಯೂ ಸೆಲ್ಸಿಯಸ್ಸಿನ ದುಂಡಗಿನ 38ರ ರೂಪಾಂತರ.

ಅಡುಗೆಮನೆಯಲ್ಲಿ ಸ್ವಲ್ಪ ಎಚ್ಚರ ಬೇಕು. ಇಲ್ಲಿನ ಪಾಕವಿಧಾನಗಳು ಹಿಟ್ಟನ್ನೂ ಸಕ್ಕರೆಯನ್ನೂ ಕಪ್ಪಿನಲ್ಲಿ ಹೇಳುತ್ತವೆ, ತೂಕದಲ್ಲಲ್ಲ. ಇದು ನಮಗೆ ಹೊಸದೇನಲ್ಲ. ಅಜ್ಜಿ ಎರಡು ಪಾವು ಅಕ್ಕಿ ನೆನೆಹಾಕು ಎಂದಾಗ ಹೇಳುತ್ತಿದ್ದದ್ದೂ ಗಾತ್ರದ ಅಳತೆಯೇ. ಅಮೆರಿಕದ ಕಪ್ಪು ಸುಮಾರು 240 ಮಿಲಿಲೀಟರ್. ಆದರೆ ರೈಸ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಲೋಟ ಜಪಾನಿನ ಅಳತೆಯದು, 180 ಮಿಲಿಲೀಟರ್. ಅಕ್ಕಿಯನ್ನು ಆ ಲೋಟದಲ್ಲಿ, ನೀರನ್ನು ಅಮೆರಿಕದ ಕಪ್ಪಿನಲ್ಲಿ ಅಳೆದರೆ ಅನ್ನ ಮುದ್ದೆಯಾಗುವುದು ಖಂಡಿತ. ಔನ್ಸ್ ಎಂಬ ಒಂದೇ ಹೆಸರು ತೂಕಕ್ಕೂ ದ್ರವಕ್ಕೂ ಇದೆ: ತೂಕದ್ದು 28.35 ಗ್ರಾಂ, ದ್ರವದ್ದು 29.57 ಮಿಲಿಲೀಟರ್. ಹಾಲಿನ ಗ್ಯಾಲನ್ ಡಬ್ಬಿಯಲ್ಲಿ 3.785 ಲೀಟರ್ ಇರುತ್ತದೆ. ಇದು ಇಂಗ್ಲೆಂಡಿನ ಗ್ಯಾಲನ್ ಅಲ್ಲ. 1824ರಲ್ಲಿ ಬ್ರಿಟನ್ ತನ್ನ ಗ್ಯಾಲನ್ನನ್ನು 4.546 ಲೀಟರಿಗೆ ಹಿಗ್ಗಿಸಿಕೊಂಡಿತು, ಅಷ್ಟರಲ್ಲಿ ಸ್ವತಂತ್ರವಾಗಿದ್ದ ಅಮೆರಿಕ ಇಂಗ್ಲೆಂಡಿನ ಆ್ಯನ್ ರಾಣಿಯ ಕಾಲದ ದ್ರಾಕ್ಷಾರಸದ ಹಳೆಯ ಗ್ಯಾಲನ್ನನ್ನೇ ಉಳಿಸಿಕೊಂಡಿತು. ಕಾರಿನ ಮೈಲೇಜನ್ನು ಊರಿನವರಿಗೆ ಹೇಳುವಾಗ 0.425ರಿಂದ ಗುಣಿಸಬೇಕು, ಗ್ಯಾಲನ್ನಿಗೆ 30 ಮೈಲಿ ಎಂದರೆ ಲೀಟರಿಗೆ 12.75 ಕಿಲೋಮೀಟರ್.

ನಿಖರವಾಗಿ ಲೆಕ್ಕ ಹಾಕಲೇಬೇಕಾದ ಮೊದಲ ಜಾಗ ವಿದ್ಯುತ್ತು. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ ದೀಪ ಹೊತ್ತಿಸಿದ್ದು ಸುಮಾರು 110 ವೋಲ್ಟಿನಲ್ಲಿ. ಅವನ ಏಕಮುಖ ವಿದ್ಯುತ್ತು ಮುಂದೆ ಸೋತರೂ ಆ ದೀಪಗಳಿಗೆ ಹೊಂದಿದ ವೋಲ್ಟೇಜು ಉಳಿದುಕೊಂಡು ಇಂದು 120 ವೋಲ್ಟ್, 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತನ) ಆಗಿದೆ. ಯೂರೋಪು ಮುಂದೆ ತಂತಿಯ ತಾಮ್ರ ಉಳಿಸುವ 220ರ ಕಡೆ ಹೊರಳಿತು, ಭಾರತ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ನೆಲೆಸಿತು. ಫೋನು, ಲ್ಯಾಪ್‌ಟಾಪ್‌ಗಳ ಚಾರ್ಜರುಗಳಿಗೆ ಎರಡೂ ಒಂದೇ. ಮಿಕ್ಸಿಗೆ ಹಾಗಲ್ಲ. ಊರಿನಿಂದ ಸೀರೆಗಳ ನಡುವೆ ಸುತ್ತಿ ತಂದ 750 ವಾಟ್ ಮಿಕ್ಸಿಯನ್ನು ನಾನು ಅಗ್ಗದ 500 ವಾಟ್ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿ, ನೆನೆದ ಕಡಲೆಬೇಳೆಯನ್ನು ತರಿತರಿಯಾಗಿ ರುಬ್ಬಲು ಹೊರಟೆ. ಎರಡು ಸುತ್ತು ತಿರುಗುವಷ್ಟರಲ್ಲಿ ಟ್ರಾನ್ಸ್‌ಫಾರ್ಮರು ಕೈ ಇಡಲಾಗದಷ್ಟು ಕಾದು, ಅರಗು ಸುಟ್ಟ ವಾಸನೆ ಹಬ್ಬಿ, ಹೊಗೆಯ ಅಲಾರಂ ಕಿರುಚಿ, ಅಂದಿನ ವಡೆ ಅಲ್ಲಿಗೇ ನಿಂತಿತು. ಮೋಟರು ಶುರುವಾಗುವ ಕ್ಷಣದಲ್ಲಿ ಎಳೆಯುವ ವಿದ್ಯುತ್ತು ಅದರ ಮೇಲೆ ಬರೆದದ್ದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಟ್ರಾನ್ಸ್‌ಫಾರ್ಮರು ಕನಿಷ್ಠ ಎರಡರಷ್ಟು ಸಾಮರ್ಥ್ಯದ್ದಾಗಿರಬೇಕು. ಹರ್ಟ್ಸಿಗೆ ತಕ್ಕ ವೇಗದಲ್ಲಿ ತಿರುಗುವ ಇಂಡಕ್ಷನ್ ಮೋಟರಿನ ಗ್ರೈಂಡರಿಗೆ ವೋಲ್ಟೇಜು ಸರಿಪಡಿಸಿದರೂ ಸಾಲದು, 60 ಹರ್ಟ್ಸ್‌ನಲ್ಲಿ ಅದು ಸುಮಾರು ಶೇಕಡಾ 20ರಷ್ಟು ಜೋರಾಗಿ ತಿರುಗುತ್ತದೆ. ಇಲ್ಲಿನ ವೋಲ್ಟೇಜಿಗೆ ತಯಾರಿಸಿದ ಮಿಕ್ಸಿಯನ್ನೇ ಕೊಳ್ಳುವುದು ಕೊನೆಗೆ ಅಗ್ಗ.

ಎರಡನೆಯದು ದಿನಾಂಕ. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. 04/07 ಎಂದರೆ ಏಪ್ರಿಲ್ 7, ಜುಲೈ 4 ಅಲ್ಲ. ತಿಂಗಳ 13ನೆಯ ತಾರೀಖಿನಿಂದ ತಪ್ಪು ತಾನೇ ಬಯಲಾಗುತ್ತದೆ, 12ರವರೆಗಿನದ್ದು ಮಾತ್ರ ಸದ್ದಿಲ್ಲದೆ ಒಳಗೆ ಸೇರಿಕೊಳ್ಳುತ್ತದೆ. ನಮ್ಮ ಪಾಸ್‌ಪೋರ್ಟಿನಲ್ಲಿ ದಿನ ಮೊದಲಿರುವುದರಿಂದ ಅದನ್ನು ನೋಡಿಕೊಂಡು ಅಮೆರಿಕದ ಅರ್ಜಿ ತುಂಬುವಾಗ ಎರಡು ಬಾರಿ ಪರಿಶೀಲಿಸಬೇಕು. ಅವಕಾಶವಿದ್ದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯುವುದೇ ಸುರಕ್ಷಿತ. ಕಾಗದದ ಅಳತೆಯೂ ಬೇರೆ: ಇಲ್ಲಿನದು ಎ4ಗಿಂತ ತುಸು ಅಗಲ, ತುಸು ಗಿಡ್ಡ. ಊರಿನಿಂದ ಬಂದ ದಾಖಲೆಯನ್ನು ಹಾಗೆಯೇ ಮುದ್ರಿಸಿದರೆ ಕೆಳಗಿನ ಸಹಿ ಅಥವಾ ಮೊಹರು ಕತ್ತರಿಸಿಹೋಗಬಹುದು.

ಮೂರನೆಯದು ಔಷಧ. ಮಕ್ಕಳ ಔಷಧದ ಪ್ರಮಾಣವನ್ನು ವೈದ್ಯರು ಕಿಲೋಗ್ರಾಂ ತೂಕದ ಮೇಲೆ ಲೆಕ್ಕ ಹಾಕುತ್ತಾರೆ, ಆದರೆ ತಂದೆತಾಯಿಗಳೊಡನೆ ಮಾತನಾಡುವಾಗ ಪೌಂಡಿನಲ್ಲಿ ಹೇಳುತ್ತಾರೆ. 22 ಪೌಂಡಿನ ಮಗು 10 ಕಿಲೋದ ಮಗು. ಆ 22ನ್ನು ಕಿಲೋ ಎಂದು ಓದಿಕೊಂಡರೆ ಪ್ರಮಾಣ ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ. ಎರಡು ಪದ್ಧತಿಗಳ ನಡುವಿನ ಇಂಥ ಜಾರುವಿಕೆಯಿಂದಲೇ 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಂಗಳ ಹವಾಮಾನ ನೌಕೆ ನಾಶವಾಯಿತು: ಒಂದು ತಂಡದ ತಂತ್ರಾಂಶ ಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ಬಲದ ಮೆಟ್ರಿಕ್ ಮಾನವಾದ ನ್ಯೂಟನ್ ಎಂದು ಓದಿಕೊಂಡಿತು. ಮಗುವಿಗೆ ಸಿರಪ್ಪನ್ನು ಅಡುಗೆಯ ಚಮಚೆಯಲ್ಲಿ ಕೊಡದೆ, ಮಿಲಿಲೀಟರ್ ಗುರುತಿರುವ ಸಿರಿಂಜಿನಲ್ಲಿಯೇ ಕೊಡಬೇಕು. ಔಷಧದ ಅಂಗಡಿಯಲ್ಲಿ ಕೇಳಿದರೆ ಅದನ್ನು ಕೊಡುತ್ತಾರೆ.

ಊರಿನಿಂದ ಬಂದ ತಂದೆತಾಯಿಗಳ ರಕ್ತದ ಸಕ್ಕರೆಯ ವಿಷಯದಲ್ಲಿ ಮಾತ್ರ ಅಮೆರಿಕ ಮತ್ತು ಭಾರತ ಒಂದೇ ಸಾಲಿನಲ್ಲಿವೆ, ಎರಡೂ ಕಡೆ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೇ ಅಳೆಯುತ್ತಾರೆ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ (ಅಣುಗಳ ಎಣಿಕೆಯ ಮಾನ) ಎಂಬ ಲೆಕ್ಕ ನಡೆಯುತ್ತದೆ, ನಮ್ಮ ಲೆಕ್ಕಕ್ಕೆ ತರಲು ಅದನ್ನು 18ರಿಂದ ಗುಣಿಸಬೇಕು. ಆದ್ದರಿಂದ ಟೊರೊಂಟೊದಲ್ಲಿರುವ ತಂಗಿ ಫೋನಿನಲ್ಲಿ ಅಪ್ಪನ ಸಕ್ಕರೆ ಬರೀ ಏಳು ಎಂದರೆ ಗಾಬರಿಯಾಗಿ ಬೆಲ್ಲ ತಿನ್ನಿಸಲು ಹೇಳಬೇಡಿ. ಅದು ನಮ್ಮ ಲೆಕ್ಕದ 126.