ಕೊಳ್ಳುವ ಮೊದಲು ತೊಳೆಯುವವರನ್ನು ಕೇಳಿ

ನಾಲ್ಕು ವರ್ಷಗಳ ಹಿಂದೆ ಮೈಸೂರಿನ ಮನೆಯನ್ನು ಖಾಲಿ ಮಾಡಿ ಬೆಂಗಳೂರಿನಲ್ಲಿರುವ ಮಗನ ಫ್ಲ್ಯಾಟಿಗೆ ಬರುವ ಮುನ್ನ, ಅಟ್ಟದ ಮೇಲಿದ್ದುದನ್ನೆಲ್ಲ ಕೆಳಗಿಳಿಸಿ ನಡುಮನೆಯಲ್ಲಿ ಹರಡಿಕೊಂಡು ಕುಳಿತೆವು. ಅಂಚಿನಲ್ಲಿ ಯಾರದೋ ಗೃಹಪ್ರವೇಶದ ತಾರೀಖು ಕೊರೆಸಿದ್ದ ಸ್ಟೀಲ್ ತಟ್ಟೆಗಳು, ರಟ್ಟಿನ ಪೆಟ್ಟಿಗೆಯಿಂದ ಒಮ್ಮೆಯೂ ಹೊರಬಾರದ ಮೂರು ಹಾಟ್ ಬಾಕ್ಸ್‌ಗಳು, ಹಿಡಿ ಮುರಿದ ಎರಡು ಕುಕ್ಕರ್‌ಗಳು ಅಲ್ಲಿದ್ದವು. ಅವುಗಳನ್ನು ಮೇಲಕ್ಕೇರಿಸಿದ್ದವಳು ನಾನೇ. ವಸ್ತುವಿನ ಖರ್ಚು ಅಂಗಡಿಯಲ್ಲಿ ಹಣ ಕೊಟ್ಟಾಗ ಮುಗಿಯುವುದಿಲ್ಲ. ಅದನ್ನು ತೊಳೆಯಬೇಕು, ಒರೆಸಬೇಕು, ಇಡಲು ಜಾಗ ಹುಡುಕಬೇಕು, ಕೆಟ್ಟರೆ ರಿಪೇರಿಗೆ ಹೊತ್ತೊಯ್ಯಬೇಕು. ಈ ಕೆಲಸಗಳು ಯಾರ ಪಾಲಿಗೆ ಬೀಳುತ್ತವೆಯೋ ಅವರನ್ನು ಕೇಳದೆ ಮನೆಗೆ ಏನನ್ನೂ ತರಬಾರದೆಂದು ಅಂದೇ ನಿಶ್ಚಯಿಸಿದೆ.

ಇದನ್ನು ನಾನು ಕಷ್ಟಪಟ್ಟೇ ಕಲಿತದ್ದು. ಒಂದು ಮೇಳದಲ್ಲಿ ಮಾರಾಟಗಾರನು ತರಕಾರಿ ಹೆಚ್ಚುವ ಸಾಧನವೊಂದರಿಂದ ಕ್ಯಾರೆಟ್ಟನ್ನು ಹೂವಿನ ಎಸಳಿನಂತೆ ಉದುರಿಸುತ್ತಿದ್ದುದನ್ನು ಕಂಡು ಮರುಳಾಗಿ ಕೊಂಡುತಂದೆ. ಮನೆಯಲ್ಲಿ ಹುರುಳಿಕಾಯಿ ಅದರ ಹಲ್ಲುಗಳ ನಡುವೆ ನಾರುನಾರಾಗಿ ಸಿಕ್ಕಿಕೊಂಡಿತು; ಪ್ರತಿ ಸಲವೂ ಏಳು ಬಿಡಿಭಾಗಗಳನ್ನು ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕಾಗುತ್ತಿತ್ತು. ಅಷ್ಟರಲ್ಲಿ ಈಳಿಗೆ ಮಣೆಯ ಮುಂದೆ ಕುಳಿತರೆ ಪಲ್ಯವೂ ಸಾರೂ ಮುಗಿದಿರುತ್ತಿತ್ತು.

ಈಗ ನಮ್ಮ ಮನೆಯಲ್ಲಿ ಬೇಕೆನಿಸಿದ್ದನ್ನು ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ತಾರೀಖಿನೊಂದಿಗೆ ಬರೆದಿಡುವ ಪದ್ಧತಿಯಿದೆ. ಆ ವಸ್ತು ಇಲ್ಲವೆಂದು ನಿಜವಾಗಿ ಕೈಕಟ್ಟಿದ ದಿನವೆಲ್ಲ ಅದರ ಮುಂದೆ ಒಂದು ಗೀಟು ಹಾಕಬೇಕು. ತಿಂಗಳು ತುಂಬಿದ ಮೇಲೆ ಗೀಟುಗಳನ್ನು ಎಣಿಸಬೇಕು. ಕಳೆದ ಸಲ ಮಿಕ್ಸಿಯ ಸಣ್ಣ ಜಾರಿಗೆ ಒಂಬತ್ತು ಗೀಟುಗಳು ಬಿದ್ದಿದ್ದವು, ವಾಫಲ್ ಮಾಡುವ ಯಂತ್ರಕ್ಕೆ ಒಂದೂ ಇರಲಿಲ್ಲ. ಜಾರನ್ನು ತಂದೆವು. ಹೆಚ್ಚಿದ್ದನ್ನೆಲ್ಲ ಹೊರಹಾಕಿ ಮರುದಿನವೇ ಒಂದೇ ಅಳತೆಯ ಇಪ್ಪತ್ತು ಗಾಜಿನ ಜಾಡಿಗಳನ್ನು ತರಿಸುವ ಮಿನಿಮಲಿಸಂ ನನಗಂತೂ ಅರ್ಥವಾಗುವುದಿಲ್ಲ. ಬೇಳೆಗೆ ಹಳೆಯ ಸ್ಟೀಲ್ ಡಬ್ಬಿಯೇ ಸಾಕು.

ಕೊಳ್ಳುವುದೆಂದು ತೀರ್ಮಾನವಾದ ಮೇಲೆ ಅವಸರ ಬೇಡ. ಕುಕ್ಕರಿನ ವಿಚಾರದಲ್ಲಿ ಐಎಸ್‌ಐ ಗುರುತನ್ನು ನೋಡುವುದರ ಜೊತೆಗೆ, ಆ ಮಾದರಿಯ ಗ್ಯಾಸ್ಕೆಟ್, ವೆಯ್ಟ್ ಮತ್ತು ಸೇಫ್ಟಿ ವಾಲ್ವ್ ನಿಮ್ಮ ಬೀದಿಯ ಪಾತ್ರೆ ಅಂಗಡಿಯಲ್ಲಿ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಿ. ಗ್ಯಾಸ್ಕೆಟ್ ಎಂದಾದರೊಂದು ದಿನ ಸಡಿಲವಾಗಿಯೇ ಆಗುತ್ತದೆ. ಬದಲಿ ಸಿಗದಿದ್ದರೆ ಗಟ್ಟಿಮುಟ್ಟಾದ ಪಾತ್ರೆಯೂ ಗುಜರಿಗೆ ಹೋಗುತ್ತದೆ. ಇಂಡಕ್ಷನ್ ಒಲೆಗೆ ಪಾತ್ರೆ ಕೊಳ್ಳುವವರು ಕೈಯಲ್ಲೊಂದು ಸಣ್ಣ ಅಯಸ್ಕಾಂತವನ್ನು ಒಯ್ಯಲಿ. ತಳಕ್ಕೆ ಅದು ಅಂಟದಿದ್ದರೆ ಆ ಒಲೆಯ ಮೇಲೆ ಪಾತ್ರೆ ಕಾಯುವುದಿಲ್ಲ.

ಫ್ರಿಜ್ಜಿಗೆ ಅಂಟಿಸಿದ ವಿದ್ಯುತ್ ಉಳಿತಾಯದ ಚೀಟಿಯಲ್ಲಿ ನಕ್ಷತ್ರಗಳನ್ನಷ್ಟೇ ಎಣಿಸಬೇಡಿ, ಏಕೆಂದರೆ ನಕ್ಷತ್ರ ಕೊಡುವ ಮಾನದಂಡವು ಆಗಾಗ ಬಿಗಿಯಾಗುತ್ತದೆ. ಅದೇ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಮುದ್ರಿಸಿರುತ್ತಾರೆ, ಅದನ್ನು ಹೋಲಿಸಿ ನೋಡಿ. ಒಂದೇ ಗಾತ್ರದ ಎರಡು ಫ್ರಿಜ್ಜುಗಳಲ್ಲಿ ಒಂದು 180 ಯೂನಿಟ್, ಇನ್ನೊಂದು 240 ಯೂನಿಟ್ ಎಳೆಯುತ್ತದೆ ಎಂದುಕೊಳ್ಳೋಣ; ಯೂನಿಟ್ಟಿಗೆ 6 ರೂಪಾಯಿಯಂತೆ ವರ್ಷಕ್ಕೆ ಉಳಿಯುವುದು 360 ರೂಪಾಯಿ. ಮೊದಲನೆಯದಕ್ಕೆ 4,000 ರೂಪಾಯಿ ಹೆಚ್ಚು ಕೊಟ್ಟಿದ್ದರೆ ಆ ಹಣ ಮರಳಲು ಸುಮಾರು 11 ವರ್ಷ ಬೇಕು. ಇಬ್ಬರೇ ಇರುವ ಮನೆಗೆ ಇದಕ್ಕಿಂತ ಸಣ್ಣ ಫ್ರಿಜ್ಜನ್ನು ಆರಿಸುವುದೇ ಲಾಭ.

ದಿನಸಿಯಲ್ಲಿ ದೊಡ್ಡ ಪೊಟ್ಟಣವೇ ಅಗ್ಗವೆಂಬ ನಂಬಿಕೆಯನ್ನು ಬಿಡಿ. ಗ್ರಾಮಿಗೋ ಕಿಲೋಗೋ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿದರೆ ಕೆಲವೊಮ್ಮೆ ಸಣ್ಣದೇ ಗೆಲ್ಲುತ್ತದೆ. ಮಳೆಗಾಲದಲ್ಲಂತೂ ಐದು ಕಿಲೋ ರವೆ ತಂದರೆ ಅರ್ಧವನ್ನು ಹುಳುಗಳೇ ತಿನ್ನುತ್ತವೆ.

ಆಷಾಢದ ರಿಯಾಯಿತಿಯಲ್ಲಿ ರೇಷ್ಮೆ ಸೀರೆ ಕೊಳ್ಳುವವರಿಗೆ ಒಂದು ಮಾತು. ರೇಷ್ಮೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಎರಡು-ಮೂರು ತಿಂಗಳಿಗೊಮ್ಮೆ ಬಿಚ್ಚಿ, ನೆರಳಿನಲ್ಲಿ ಗಾಳಿಗೆ ಹಾಕಿ, ಬೇರೆ ಮಡಿಕೆ ಮಾಡಿ ಹಳೆಯ ಪಂಚೆಯಲ್ಲಿ ಸುತ್ತಿಡಬೇಕು. ಹೀಗೆ ನೋಡಿಕೊಳ್ಳಲು ಎಷ್ಟು ಸೀರೆಗಳಿಗೆ ಬಿಡುವು ಸಿಗುತ್ತದೆಯೋ ಬೀರುವಿನಲ್ಲಿ ಅಷ್ಟೇ ಇರಲಿ.

ನಾವೇ ಕೊಳ್ಳದಿದ್ದರೂ ಮನೆ ತುಂಬುವುದು ಮುಯ್ಯಿಯಿಂದ. ಕುಂಕುಮಕ್ಕೆ ಹೋದಲ್ಲೆಲ್ಲ ಕೊಡುವ ರವಿಕೆ ಕಣಗಳು ಯಾರೂ ಹೊಲಿಸದೆ ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ. ನಾನು ಕೊಟ್ಟ ಹಸಿರು ಕಣವೊಂದು ಎರಡು ವರ್ಷದ ಬಳಿಕ, ಮೂಲೆಯಲ್ಲಿ ನಾನೇ ಇಟ್ಟಿದ್ದ ಅರಿಶಿನದ ಚುಕ್ಕೆಯ ಸಮೇತ, ನನ್ನ ಕೈಗೇ ಬಂದಿತ್ತು. ಈ ವಿಷಯದಲ್ಲಿ ಗೌರಿ ಹಬ್ಬದ ಮೊರದ ಬಾಗಿನವನ್ನು ಮೆಚ್ಚಬೇಕು. ಅದರೊಳಗಿನ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಎಲ್ಲವೂ ಅಡುಗೆಗೆ ಸಲ್ಲುತ್ತವೆ, ಕೊನೆಗೆ ಉಳಿದ ಬಿದಿರಿನ ಮೊರ ಅಕ್ಕಿ ಕೇರಲು ಒದಗುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಮೊರದಲ್ಲಿ ಚಿಟಿಕೆ ಚಿಟಿಕೆ ಧಾನ್ಯ ಕಟ್ಟಿ ಮಾರುವುದನ್ನು ಕಂಡಾಗ ಬೇಸರವಾಗುತ್ತದೆ. ಉಡುಗೊರೆಗೆ ನಾನೀಗ ಒಂದು ಕಿಲೋ ಒಳ್ಳೆಯ ಕಾಫಿಪುಡಿಯನ್ನೋ ಮನೆಯಲ್ಲಿ ಕಾಯಿಸಿದ ತುಪ್ಪವನ್ನೋ ಕೊಡುತ್ತೇನೆ, ಇಲ್ಲವೆ ಏನು ಬೇಕೆಂದು ಸಂಕೋಚವಿಲ್ಲದೆ ಕೇಳಿಬಿಡುತ್ತೇನೆ. ಕೆಲವರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ನಿಜ. ಹೆಚ್ಚಿನವರು ಗ್ಯಾಸ್ ಲೈಟರ್, ಛತ್ರಿ ಎಂದು ಪಟ್ಟನೆ ಹೇಳುತ್ತಾರೆ.

ಬಿಲ್ಲನ್ನು ಮಾತ್ರ ಅಂಗಡಿಯಲ್ಲೇ ಕೇಳಿ ಪಡೆಯಿರಿ. ಅದರ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗಬಹುದಾದ್ದರಿಂದ ಅಂದೇ ಫೋನಿನಲ್ಲಿ ಚಿತ್ರ ತೆಗೆದು, ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಹಾಕಿಸಿ, ಎರಡನ್ನೂ ಒಂದೇ ಲಕೋಟೆಯಲ್ಲಿಡಿ. ಲಕೋಟೆಯ ಮೇಲೆ 1915 ಎಂದು ದಪ್ಪವಾಗಿ ಬರೆದುಕೊಳ್ಳಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ, ಅಂಗಡಿಯವರು ವಾರಂಟಿಯ ಮಾತಿಗೆ ಜಾರಿಕೊಂಡರೆ ಕನ್ನಡದಲ್ಲೇ ದೂರು ಹೇಳಬಹುದು.