ದ್ರಾಕ್ಷಿ ಜ್ಯೂಸ್ ತಣಿಸಲು ಅಲ್ಟ್ರಾಸೌಂಡ್: ನನ್ನ ಅನುಭವ

ಚಿಕ್ಕಬಳ್ಳಾಪುರದ ಹೊರಗೆ ನಮ್ಮದೊಂದು ಚಿಕ್ಕ ಶೆಡ್. ಬೆಂಗಳೂರು ಬ್ಲೂ ದ್ರಾಕ್ಷಿಯ ಜ್ಯೂಸ್ ಮಾಡಿ 200 ಮಿ.ಲೀ. ಗಾಜಿನ ಬಾಟಲಿಗೆ ತುಂಬುತ್ತೇವೆ. 85 ಡಿಗ್ರಿಗೆ ಕಾಯಿಸಿದ ಮೇಲೆ ಬೇಗ ತಣಿಸದಿದ್ದರೆ ಬೇಯಿಸಿದ ವಾಸನೆ ಬರುತ್ತದೆ, ಬಣ್ಣವೂ ಕೆಡುತ್ತದೆ. ಹಾಗಂತ ನೇರವಾಗಿ ತಣ್ಣೀರಿಗೆ ಇಳಿಸಿದರೆ ಗಾಜು ಒಡೆಯುತ್ತದೆ. ಅದಕ್ಕೇ ಮೊದಲು 60 ಡಿಗ್ರಿ ನೀರು, ಆಮೇಲೆ ತಣ್ಣೀರು. ತಡವಾಗುತ್ತಿದ್ದದ್ದು ಈ ಎರಡನೇ ತೊಟ್ಟಿಯಲ್ಲಿ.

ಡೀಸೆಲ್ ಪಂಪ್ ರಿಪೇರಿ ಮಾಡುವ ಗೆಳೆಯ ಇಂಜೆಕ್ಟರ್ ತೊಳೆಯಲು ಅಲ್ಟ್ರಾಸೌಂಡ್ ತೊಟ್ಟಿ (ಕಿವಿಗೆ ಕೇಳದ ಸದ್ದಿನಿಂದ ನೀರನ್ನು ಕಂಪಿಸುವಂಥದ್ದು) ಇಟ್ಟಿದ್ದಾನೆ. ಅವನದ್ದು ಡೀಸೆಲ್ ವಾಸನೆ, ನಮಗಾಗದು. ಅಂಥದ್ದೇ ಹೊಸದು ತಂದೆ: 10 ಲೀಟರ್, 240 ವ್ಯಾಟ್, 40 ಕಿಲೋಹರ್ಟ್ಸ್.

ಬಿಸಿ ಬಾಟಲಿಗೆ ಅಂಟಿಕೊಂಡಂತೆ ನೀರಿನ ಒಂದು ತೆಳು ಪದರ ಅಲುಗಾಡದೆ ನಿಂತಿರುತ್ತದೆ. ಶಾಖ ಹೊರಬರಲು ಅದೇ ಅಡ್ಡಿ. ಅಲ್ಟ್ರಾಸೌಂಡ್ ನೀರಲ್ಲಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದೆ, ಅವು ಒಡೆಯುವಾಗ ಆ ಪದರ ಕದಡುತ್ತದೆ.

ಮೊದಲ ದಿನ ಏನೂ ಆಗಲಿಲ್ಲ. ಬಾಟಲಿಗಳನ್ನು ತೊಟ್ಟಿಯ ತಳಕ್ಕೇ ಇಟ್ಟಿದ್ದೆ, ಕಂಪನ ಬರುವುದೇ ಅಲ್ಲಿಂದ, ಬಾಟಲಿಗಳೇ ಅದನ್ನು ತಡೆದವು. ತಂತಿ ಬುಟ್ಟಿಯಲ್ಲಿ ತೂಗುಹಾಕಿದೆ. ಹೊಸ ನೀರಲ್ಲಿ ಗಾಳಿ ಜಾಸ್ತಿ, ಬಾಟಲಿ ಇಡದೆ ಹತ್ತು ನಿಮಿಷ ಓಡಿಸಿ ಅದನ್ನು ಹೊರಹಾಕಬೇಕು. ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಇಳಿಬಿಟ್ಟು ನೋಡಿದೆ, ಒಂದು ನಿಮಿಷಕ್ಕೆ ಚುಕ್ಕಿ ಚುಕ್ಕಿ ತೂತು. ಸರಿ, ಕೆಲಸ ಮಾಡುತ್ತಿದೆ. (ನಮ್ಮ ನಾಯಿ ಅವತ್ತಿಂದ ಶೆಡ್ಡಿನೊಳಗೆ ಬರಲೇ ಇಲ್ಲ. ನಮಗೆ ಕೇಳದ ಸದ್ದು ಅದಕ್ಕೆ ಕೇಳುತ್ತದೆ, ಅಲ್ವಾ.)

ಬಾಟಲಿ ನಡುವಿಗೆ ಥರ್ಮಾಮೀಟರ್ ಇಟ್ಟು ಅಳೆದೆ. 60ರಿಂದ 35 ಡಿಗ್ರಿಗೆ ಇಳಿಯಲು ನಿಂತ ನೀರಲ್ಲಿ ಏಳು ನಿಮಿಷ, ಅಲ್ಟ್ರಾಸೌಂಡ್ ಹಾಕಿದರೆ ಐದು. ಖುಷಿಯಾಯಿತು. ಆದರೆ 240 ವ್ಯಾಟ್ ಕೊನೆಗೆ ಶಾಖವೇ ಆಗುತ್ತದೆ. ಬಾಟಲಿ ಇಲ್ಲದಿದ್ದರೂ 10 ಲೀಟರ್ ನೀರು ಮೂರು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಏರುತ್ತದೆ. ತಣಿಸಲು ಹೋಗಿ ಕಾಯಿಸಿದ ಹಾಗೆ! ನೀರು ಬದಲಿಸುತ್ತಲೇ ಇರಬೇಕಾಯಿತು.

ಪಕ್ಕದ ತೋಟದವರ ಜಾಮ್ ಬಾಟಲಿಗೂ ಮಾಡಿ ನೋಡಿದೆ, ವ್ಯತ್ಯಾಸವೇ ಇಲ್ಲ. ಜಾಮ್ ಗಟ್ಟಿ, ತಡವಾಗುವುದು ಒಳಗಡೆ. ಹೊರಗಿನ ಪದರ ಕದಡಿ ಏನು ಪ್ರಯೋಜನ? ಕುದಿಯುವ ನೀರಲ್ಲೂ ಇದು ಸಪ್ಪೆ, ಗುಳ್ಳೆಯೊಳಗೆ ಆವಿ ತುಂಬಿ ಒಡೆತ ಮೆತ್ತಗಾಗುತ್ತದೆ.

ಕೊನೆಗೆ ಕೂಲರ್‌ನ ಹಳೇ ಪಂಪ್ ಬಿಟ್ಟು ನೀರು ಸುತ್ತಿಸಿದೆ. ಐದೂವರೆ ನಿಮಿಷ! ಇದನ್ನು ಮೊದಲೇ ಮಾಡಿ ನೋಡಬೇಕಿತ್ತು. ಈಗ ದಿನದ ಕೆಲಸಕ್ಕೆ ಪಂಪ್. ಅಲ್ಟ್ರಾಸೌಂಡ್ ತೊಟ್ಟಿಯಲ್ಲಿ ಜ್ಯೂಸ್ ಕಾಯಿಸುವ ಕಾಯಿಲ್ ಮುಳುಗಿಸಿಡುತ್ತೇನೆ. ಅದಕ್ಕೆ ಹತ್ತಿದ ಜ್ಯೂಸ್ ಕರಕಲು ಉಜ್ಜದೆ ಉದುರುತ್ತದೆ, ಮರುದಿನ ಜ್ಯೂಸ್ ಬೇಗ ಕಾಯುತ್ತದೆ.